ಹಿಟ್ಟಿನ ಕೋಳಿಯ ಕೂಗು: ಧಾರಾವಾಹಿ ಬರೆಯುವವನ ಹೊಣೆ

ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲಿ ಕಬ್ಬು ಅರೆಯುವ ಕಾಲ ಬಂತೆಂದರೆ ಹಗಲಿಗೂ ಇರುಳಿಗೂ ಹೆಚ್ಚಿನ ಭೇದವಿರುವುದಿಲ್ಲ. ಸಕ್ಕರೆ ಕಾರ್ಖಾನೆಯ ಹಾದಿಯಲ್ಲಿ ಕಬ್ಬು ಹೇರಿದ ಬಂಡಿಗಳೂ ಟ್ರ್ಯಾಕ್ಟರುಗಳೂ ಸರದಿ ಕಾಯುತ್ತಿರುತ್ತವೆ. ಮುಸ್ಸಂಜೆಯಾಯಿತೆಂದರೆ ಸುತ್ತಲಿನ ಹಳ್ಳಿಗಳ ಮನೆಗಳಲ್ಲಿ ದೀಪದೊಡನೆ ಟಿ.ವಿ.ಯೂ ಹೊತ್ತಿಕೊಳ್ಳುತ್ತದೆ. ಡೇರಿಗೆ ಹಾಲು ಹಾಕಿ ಬಂದ ಸೊಸೆ ಗೋಡೆಗೊರಗಿ ಕುಳಿತುಕೊಳ್ಳುತ್ತಾಳೆ. ಅತ್ತೆ ಅವರೆಕಾಯಿ ಸುಲಿಯುತ್ತ ಕಣ್ಣನ್ನು ಪರದೆಗೆ ನೆಟ್ಟಿರುತ್ತಾಳೆ. ಪರದೆಯ ಮೇಲೆ ಜರಿಸೀರೆಯುಟ್ಟ ಹೆಂಗಸೊಬ್ಬಳು ಹಾಲಿನ ಲೋಟಕ್ಕೆ ಏನನ್ನೋ ಬೆರೆಸುತ್ತಾಳೆ. "ಇವಳ ಬಾಯಿಗೆ ಮಣ್ಣಾಕ" ಎಂಬ ಮಾತು ಅತ್ತೆಯ ಬಾಯಿಂದ ತಾನಾಗಿಯೇ ಹೊರಬೀಳುತ್ತದೆ. ಇಂಥ ನೋಟವನ್ನು ಕಾಣಲು ಮಾಕವಳ್ಳಿಗೇ ಹೋಗಬೇಕಾಗಿಲ್ಲ. ಅದು ಕರ್ನಾಟಕದ ಯಾವ ಮನೆಯಲ್ಲಿಯೂ ಇರಬಹುದು, ಬಸದಿಯ ಮಗ್ಗುಲಿನ ಮನೆಯಲ್ಲಿಯೂ ಇರಬಹುದು.

ಆ ಹಾಲಿನಲ್ಲಿ ವಿಷವಿರಲಿಲ್ಲ. ಬೆರೆಸಿದವಳು ಸಂಬಳ ಪಡೆದು ಅಭಿನಯಿಸಿದ ಕಲಾವಿದೆ. ದೃಶ್ಯ ಮುಗಿದ ಮೇಲೆ ಆಕೆಯೂ ಕುಡಿಯಬೇಕಾಗಿದ್ದವಳೂ ಒಂದೇ ಕಡೆ ಕುಳಿತು ಊಟ ಮಾಡಿರುತ್ತಾರೆ. ಹಿಂಸೆ ನಡೆದೇ ಇಲ್ಲ. ಆದರೆ ಅವರೆಕಾಯಿ ಸುಲಿಯುತ್ತಿದ್ದ ಮುದುಕಿಯ ಮನಸ್ಸಿನಲ್ಲಿ ಎದ್ದ ಶಾಪ ಮಾತ್ರ ನಿಜವಾದದ್ದು. ಯಾರಿಗೂ ತಗುಲದ ಆ ಶಾಪದ ಹೊಣೆ ಯಾರದು? ಬೈದವಳದೆ, ಅಭಿನಯಿಸಿದವಳದೆ, ಅಥವಾ ಬೆಂಗಳೂರಿನ ಒಂದು ಕೋಣೆಯಲ್ಲಿ ಕುಳಿತು "ಹಾಲಿಗೆ ಪುಡಿ ಬೆರೆಸುತ್ತಾಳೆ, ನಗುತ್ತಾಳೆ" ಎಂದು ಬರೆದವನದೆ?

ಕನ್ನಡಕ್ಕೆ ಈ ಪ್ರಶ್ನೆ ಹೊಸದಲ್ಲ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ತಿರುಳೇ ಇದು. ಅರಸಿ ಅಮೃತಮತಿ ಮಾವುತನಿಗೆ ಮನಸೋತದ್ದನ್ನು ಕಣ್ಣಾರೆ ಕಂಡ ಯಶೋಧರನು ಎತ್ತಿದ ಕತ್ತಿಯನ್ನು ತಡೆದು ಹಿಂದಿರುಗುತ್ತಾನೆ. ತಾಯಿ ಚಂದ್ರಮತಿ ಮಗನ ಮುಖ ಬಾಡಿದ್ದನ್ನು ಕಂಡು ಕೇಳಿದಾಗ ನಡೆದುದನ್ನು ಹೇಳಲಾರದೆ ಕನಸೊಂದನ್ನು ಕಟ್ಟಿ ಹೇಳುತ್ತಾನೆ. ಈ ಅನರ್ಥಪರಂಪರೆಯೆಲ್ಲ ಒಂದು ಕಲ್ಪಿತ ಕಥೆಯಿಂದಲೇ ಹೊರಡುತ್ತದೆಂಬುದನ್ನು ಸಾಮಾನ್ಯವಾಗಿ ಓದುಗರು ಗಮನಿಸುವುದಿಲ್ಲ. ಕನಸಿನ ದೋಷಕ್ಕೆ ಬಲಿಯೇ ಪರಿಹಾರವೆಂದು ತಾಯಿ ಹಟ ಹಿಡಿಯುತ್ತಾಳೆ, ಮಗ ಜೀವವಧೆಗೆ ಒಪ್ಪುವುದಿಲ್ಲ. ಕಡೆಗೆ ಹಿಟ್ಟಿನ ಕೋಳಿಯೊಂದನ್ನು ಮಾಡಿ ಬಣ್ಣ ಹಚ್ಚಿ ಅದನ್ನೇ ಬಲಿಕೊಡುವುದೆಂದು ಇಬ್ಬರೂ ರಾಜಿಯಾಗುತ್ತಾರೆ. ಹಿಟ್ಟಿಗೆ ಪ್ರಾಣವಿಲ್ಲ, ಆದ್ದರಿಂದ ಪಾಪವಿಲ್ಲ ಎಂಬುದು ಅವರ ಲೆಕ್ಕ. ಆದರೆ ಕತ್ತಿ ತಾಗಿದೊಡನೆ ಅದು ಕೂಗಿತು. ಬೆಂತರವೊಂದು ಅದರೊಳಗೆ ಸೇರಿಕೊಂಡಿತ್ತು. ಮುಂದೆ ಅಮೃತಮತಿಯ ವಿಷಕ್ಕೆ ತಾಯಿಮಗ ಇಬ್ಬರೂ ಬಲಿಯಾಗಿ, ನವಿಲಾಗಿ ನಾಯಿಯಾಗಿ ಹಲವು ಜನ್ಮಗಳನ್ನು ತೊಳಲಿ, ತಾವೇ ಕೋಳಿಗಳಾಗಿ ಹುಟ್ಟಿದ ಮೇಲೆ ಅಭಯರುಚಿ ಅಭಯಮತಿಯರೆಂಬ ಅಣ್ಣತಂಗಿಯರಾಗುತ್ತಾರೆ.

ಕೊಂದದ್ದು ಹಿಟ್ಟನ್ನು, ಕೊಲ್ಲುವೆನೆಂಬ ಸಂಕಲ್ಪ ಮಾತ್ರ ದಿಟ. ಧಾರಾವಾಹಿಯ ಬರಹಗಾರನ ಮೇಜಿನ ಮೇಲೆ ದಿನವೂ ಇಂಥ ಹಿಟ್ಟಿನ ಕೋಳಿ ಇರುತ್ತದೆ. ಅವನ ಪಾತ್ರಗಳಿಗೆ ಪ್ರಾಣವಿಲ್ಲ. ಆದರೆ ಅವನು ಬಣ್ಣ ಹಚ್ಚುವುದರಲ್ಲಿ ನಿಪುಣನಾಗಿದ್ದರೆ, ಅವು ಕೂಗುತ್ತವೆ; ಆ ಕೂಗು ಲಕ್ಷಾಂತರ ಮನೆಗಳಿಗೆ ಕೇಳುತ್ತದೆ.

ಹಾಗೆಂದು ಕೆಡುಕನ್ನು ಬರೆಯುವುದೇ ತಪ್ಪೆಂದು ತೀರ್ಪು ಕೊಟ್ಟರೆ ಮೊದಲು ಕಟಕಟೆಯಲ್ಲಿ ನಿಲ್ಲಬೇಕಾದವನು ಜನ್ನನೇ. ವ್ಯಭಿಚಾರ, ವಂಚನೆ, ವಿಷಪ್ರಾಶನ, ನರಬಲಿಯ ಸಿದ್ಧತೆ, ಇಷ್ಟೆಲ್ಲವನ್ನೂ ಒಂದೇ ಕಾವ್ಯದಲ್ಲಿ ಅವನಷ್ಟು ಬಿಚ್ಚಿ ಹೇಳಿದವರು ಕಡಮೆ. ಆದರೂ ಎಂಟುನೂರು ವರ್ಷಗಳಿಂದ ಆ ಕಾವ್ಯವನ್ನು ಧರ್ಮಗ್ರಂಥದ ಪಕ್ಕದಲ್ಲಿಟ್ಟು ಓದುತ್ತ ಬಂದಿದ್ದಾರೆ. ಆದ್ದರಿಂದ ದೋಷವನ್ನು ಹುಡುಕಬೇಕಾದುದು ಬೇರೊಂದು ಎಡೆಯಲ್ಲಿ. ಅದನ್ನು ತಿಳಿಯಬೇಕಾದರೆ ಈ ಬರಹಗಾರನ ವೃತ್ತಿಯ ಒಳಗನ್ನು ಸ್ವಲ್ಪ ನೋಡಬೇಕು.

ದಿನದಿನವೂ ಮುಂದುವರಿಯುವ ಮನೆಯ ಕಥೆ ಹುಟ್ಟಿದ್ದು ಅಮೆರಿಕದ ರೇಡಿಯೋದಲ್ಲಿ. 1930ರಲ್ಲಿ ಷಿಕಾಗೋ ನಗರದ ಇರ್ನಾ ಫಿಲಿಪ್ಸ್ ಎಂಬ ಮಹಿಳೆ, ಅದಕ್ಕೆ ಮುಂಚೆ ಶಿಕ್ಷಕಿಯಾಗಿದ್ದವರು, ಇಂಥ ಮೊದಲ ಕಥೆಗಳಲ್ಲೊಂದನ್ನು ಬರೆದರು. ಹಗಲು ಮನೆಯಲ್ಲಿರುವ ಗೃಹಿಣಿಯರಿಗೆ ಸಾಬೂನು ಮಾರುವ ಕಂಪನಿಗಳು ಇವುಗಳ ಖರ್ಚನ್ನು ವಹಿಸಿಕೊಂಡವು; ಆದ್ದರಿಂದಲೇ ಇಂಗ್ಲಿಷಿನಲ್ಲಿ ಇವುಗಳಿಗೆ ಸಾಬೂನಿನ ಹೆಸರು ಅಂಟಿಕೊಂಡಿತು. ಫಿಲಿಪ್ಸ್ 1937ರಲ್ಲಿ ಆರಂಭಿಸಿದ 'ಗೈಡಿಂಗ್ ಲೈಟ್' ಎಂಬ ಕಥೆ ರೇಡಿಯೋದಿಂದ ಟಿ.ವಿ.ಗೆ ಬಂದು 2009ರವರೆಗೆ ನಡೆಯಿತು. ಎಪ್ಪತ್ತೆರಡು ವರ್ಷ! ಬರೆದವರು ಸತ್ತರು, ಕೇಳಿದವರು ಸತ್ತರು, ಕಥೆ ಮಾತ್ರ ಮುಗಿಯಲಿಲ್ಲ.

ಮುಗಿಯದಿರುವುದೇ ಈ ಪ್ರಕಾರದ ಲಕ್ಷಣ. ಒಂದು ಕಂತಿಗೆ ಜಾಹೀರಾತು ಕಳೆದು ಸುಮಾರು 22 ನಿಮಿಷದ ಕಥೆ ಬೇಕು. ವಾರಕ್ಕೆ ಐದು ಕಂತಿನಂತೆ ವರ್ಷಕ್ಕೆ 260 ಕಂತು. ಅಂದರೆ ತೊಂಬತ್ತೈದು ಗಂಟೆಗಳು. ಎರಡೂವರೆ ಗಂಟೆಯ ಚಲನಚಿತ್ರಗಳ ಲೆಕ್ಕದಲ್ಲಿ ಹೇಳುವುದಾದರೆ ವರ್ಷಕ್ಕೆ ಮೂವತ್ತೆಂಟು ಚಿತ್ರಗಳಷ್ಟು. ಇದನ್ನು ಒಬ್ಬನೇ ಬರೆಯಲಾಗದೆ ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು ಎಂದು ಕೆಲಸ ಹಂಚಿಹೋಗಿರುತ್ತದೆ. ಬೆಳಿಗ್ಗೆ ಬರೆದ ಮಾತು ಮಧ್ಯಾಹ್ನ ಚಿತ್ರೀಕರಣವಾಗುವುದೂ ಉಂಟು. ಕಲಾವಿದರೊಬ್ಬರು ಕೆಲಸ ಬಿಟ್ಟರೆ ಅವರ ಪಾತ್ರವನ್ನು ವಿದೇಶಕ್ಕೆ ಕಳುಹಿಸಬೇಕು, ಅಥವಾ ಅಪಘಾತದಲ್ಲಿ ಮುಗಿಸಬೇಕು. ವಾರವಾರವೂ ಎಷ್ಟು ಜನ ನೋಡಿದರೆಂಬ ಟಿ.ಆರ್.ಪಿ. ಪಟ್ಟಿ ಬರುತ್ತದೆ, ಅಂಕ ಇಳಿದರೆ ವಾಹಿನಿಯಿಂದ ಕರೆ ಬರುತ್ತದೆ. ಪ್ರತಿ ಕಂತಿನ ಕೊನೆಯಲ್ಲಿ ನೋಡುವವರ ಉಸಿರು ಒಂದಿಷ್ಟು ಸಿಕ್ಕಿಕೊಳ್ಳುವಂತೆ ನಿಲ್ಲಿಸುವುದು ಈ ಕಸುಬಿನ ಮೊದಲ ಪಾಠ.

ಈಗ ಒಂದು ಸಣ್ಣ ಪ್ರಯೋಗವನ್ನು ಮನಸ್ಸಿನಲ್ಲಿಯೇ ಮಾಡಿ ನೋಡಬಹುದು. ದಶಲಕ್ಷಣ ಪರ್ವದ ನಂತರ ಬರುವ ಕ್ಷಮಾವಣಿಯ ದಿನ ಶ್ರಾವಕರು ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರಷ್ಟೆ. ಯಾವುದಾದರೊಂದು ಧಾರಾವಾಹಿಯ ಕುಟುಂಬದಲ್ಲಿ ಅಂಥ ಒಂದು ದಿನ ಬಂದಿತೆಂದು ಇಟ್ಟುಕೊಳ್ಳೋಣ. ವಾರಗಿತ್ತಿ ವಾರಗಿತ್ತಿಯ ಕೈ ಹಿಡಿದು "ತಪ್ಪಾಯಿತು" ಎಂದರೆ, ಬಚ್ಚಿಟ್ಟ ಪತ್ರವನ್ನು ಅಣ್ಣ ತಮ್ಮನ ಮುಂದೆ ತೆರೆದಿಟ್ಟರೆ, ಐನೂರು ಕಂತುಗಳ ವೈರ ಒಂದೇ ಸಂಜೆಯಲ್ಲಿ ತೀರುತ್ತದೆ. ಧಾರಾವಾಹಿ ಮುಗಿದುಹೋಗುತ್ತದೆ. ಆದ್ದರಿಂದ ಬರಹಗಾರನು ಕ್ಷಮೆಯನ್ನು ತಡೆಯಬೇಕು. ಪತ್ರ ಕೈಸೇರುವ ಹೊತ್ತಿಗೆ ಗಾಳಿ ಬೀಸಬೇಕು, ನಿಜ ಹೇಳಲು ಬಂದವನಿಗೆ ಮಾತು ನಿಲ್ಲಬೇಕು. ಅವನ ಕೆಲಸದ ಬಹುಪಾಲು ಕೆಡುಕನ್ನು ಚಿತ್ರಿಸುವುದರಲ್ಲಿ ಕಳೆಯುವುದಿಲ್ಲ. ಕೆಡುಕಿಗೆ ಫಲ ಬಾರದಂತೆ, ಒಳಿತಿಗೆ ಬಿಡುಗಡೆ ಸಿಗದಂತೆ ಕಾಯುವುದರಲ್ಲಿ ಕಳೆಯುತ್ತದೆ.

ಜನ್ನನಿಗೂ ಇವನಿಗೂ ಇರುವ ವ್ಯತ್ಯಾಸ ಇಲ್ಲಿದೆ. ಯಶೋಧರನ ಕಥೆಯಲ್ಲಿ ಕತ್ತಿಯೆತ್ತಿದ ಕೈಯ ಹಿಂದೆಯೇ ಅದರ ಫಲವೂ ನಡೆದುಬರುತ್ತದೆ. ಓದುಗನ ಸಿಟ್ಟು ಅಮೃತಮತಿಯ ಮೇಲೆ ನಿಲ್ಲಲು ಬಿಡದೆ ಕವಿ ಅದನ್ನು ಕರುಣೆಯ ದಾರಿಗೆ ಹಚ್ಚುತ್ತಾನೆ. ಮಾಕವಳ್ಳಿಯಿಂದ ಹೆಚ್ಚು ದೂರವಿಲ್ಲದ ಹೊಸಹೊಳಲಿನಲ್ಲಿ ಜನ್ನನ ಶತಮಾನದ್ದೇ ಆದ ಲಕ್ಷ್ಮೀನಾರಾಯಣ ದೇವಾಲಯವಿದೆ. ಅದರ ಗೋಡೆಯ ಬುಡದ ಪಟ್ಟಿಕೆಗಳಲ್ಲಿ ರಾಮಾಯಣ ಮಹಾಭಾರತದ ಕಥೆಗಳನ್ನು ಸಾಲಾಗಿ ಕೆತ್ತಿದ್ದಾರೆ. ಅದೂ ಒಂದು ಧಾರಾವಾಹಿಯೇ. ಆದರೆ ಪ್ರದಕ್ಷಿಣೆ ಮುಗಿಯುವಷ್ಟರಲ್ಲಿ ಅಪಹರಣವೂ ಯುದ್ಧವೂ ಮುಗಿದಿರುತ್ತವೆ. ಕಲ್ಲಿನ ಕಥೆಗೆ ಗೋಡೆಯ ಅಳತೆಯುಂಟು.

ಇದಕ್ಕೆ ಬರಹಗಾರನು ಕೊಡಬಹುದಾದ ಉತ್ತರವನ್ನೂ ನ್ಯಾಯವಾಗಿ ಕೇಳಬೇಕು. ಶ್ರಾವಕಾಚಾರವನ್ನು ಬಲ್ಲವರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ಹೇಳುತ್ತಾರೆ. ಉಳುವವನ ನೇಗಿಲಿಗೆ ಹುಳು ಸಿಕ್ಕುತ್ತದೆ. ಕಬ್ಬಿನ ತರಗು ಸುಡುವಾಗ ಎಷ್ಟೋ ಜೀವಿಗಳು ಸಾಯುತ್ತವೆ. ಗೃಹಸ್ಥನಾದವನು ಇದನ್ನು ಪೂರ್ತಿ ತಪ್ಪಿಸಲಾರ. ಅದು ಉದ್ಯೋಗದ ಹಿಂಸೆ. "ನನ್ನದೂ ಇಂಥದ್ದೇ. ಮನೆ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ ಇದರಿಂದಲೇ ನಡೆಯಬೇಕು. ಕೇಡಿಗಳಿಲ್ಲದೆ ಕಥೆ ನಡೆಯುವುದಿಲ್ಲ" ಎಂದು ಅವನು ಹೇಳಿದರೆ ಆ ಮಾತಿನಲ್ಲಿ ಅರ್ಧ ನಿಜವಿದೆ. ನೇಗಿಲ ಯೋಗಿಯ ಗುರಿ ಹುಳುವಲ್ಲ, ಬೆಳೆ. ಕೇಡಿಯ ಪಾತ್ರ ಬರೆಯುವವನ ಗುರಿ ಏನೆಂಬುದರ ಮೇಲೆ ಉಳಿದ ಅರ್ಧ ನಿಂತಿದೆ. ನೋಡುವವರಲ್ಲಿ ಸಿಟ್ಟು ಹುಟ್ಟಲೆಂದೇ, ಆ ಸಿಟ್ಟು ನಾಳೆಯವರೆಗೆ ಆರದಿರಲೆಂದೇ ಬರೆದರೆ, ಅಲ್ಲಿ ಸಿಟ್ಟೇ ಬೆಳೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಬಗೆಗಳಲ್ಲಿ ದುಃಶ್ರುತಿಯನ್ನೂ ಅಪಧ್ಯಾನವನ್ನೂ ಎಣಿಸಿದೆ. ಮನಸ್ಸನ್ನು ಕಲುಷಿತಗೊಳಿಸುವಂಥದ್ದನ್ನು ಕೇಳುವುದು ಮೊದಲನೆಯದು, ಇನ್ನೊಬ್ಬರಿಗೆ ಕೇಡಾಗಲೆಂದು ಚಿಂತಿಸುವುದು ಎರಡನೆಯದು. ಯಾವ ಪ್ರಯೋಜನವೂ ಇಲ್ಲದೆ ತಗಲಿಕೊಳ್ಳುವ ಪಾಪವಾದ್ದರಿಂದಲೇ ಇವಕ್ಕೆ ಅನರ್ಥವೆಂದು ಹೆಸರು. ಅವರೆಕಾಯಿ ಸುಲಿಯುತ್ತಿದ್ದ ಮುದುಕಿಗೆ ಆ ಶಾಪದಿಂದ ಬಂದ ಲಾಭವೇನೂ ಇಲ್ಲವಲ್ಲ!

ಒಳ್ಳೆಯ ಉದ್ದೇಶವೊಂದಿದ್ದರೆ ಸಾಕೆ ಎಂದು ಕೇಳಿದರೆ, ಅದಕ್ಕೂ ಅನುಭವದ ಉತ್ತರವಿದೆ. ಮೆಕ್ಸಿಕೋ ದೇಶದ ಮಿಗೆಲ್ ಸಬಿಡೊ ಎಂಬುವರು 1975ರಲ್ಲಿ ವಯಸ್ಕರನ್ನು ಅಕ್ಷರ ಕಲಿಕೆಗೆ ಸೆಳೆಯಲು ಧಾರಾವಾಹಿಯೊಂದನ್ನು ರೂಪಿಸಿ ಯಶಸ್ವಿಯಾದರು. ಅದೇ ಮಾದರಿಯಲ್ಲಿ, ಕುಟುಂಬಕಲ್ಯಾಣ ಮತ್ತು ಸ್ತ್ರೀಯರ ಸ್ಥಾನಮಾನಗಳ ವಿಚಾರವನ್ನು ಮನೆಮನೆಗೆ ಮುಟ್ಟಿಸಲು ದೂರದರ್ಶನವು 1984ರ ಜುಲೈ 7ರಂದು ಹಿಂದಿಯ 'ಹಮ್ ಲೋಗ್' ಆರಂಭಿಸಿತು. ಬರೆದವರು ಕಾದಂಬರಿಕಾರ ಮನೋಹರ ಶ್ಯಾಮ ಜೋಶಿ. ಪ್ರತಿ ಕಂತಿನ ಕೊನೆಯಲ್ಲಿ ನಟ ಅಶೋಕ್ ಕುಮಾರ್ ಬಂದು ಅಂದಿನ ಕಥೆಯ ವಿಚಾರವಾಗಿ ನಾಲ್ಕು ಮಾತಾಡುತ್ತಿದ್ದರು. ಅದರಲ್ಲಿ ಭಾಗವಂತಿ ಎಂಬ ತಾಯಿ ಗಂಡನ ದಬ್ಬಾಳಿಕೆಯನ್ನೂ ಅತ್ತೆಯ ಬೈಗಳನ್ನೂ ಬಾಯಿಮುಚ್ಚಿ ಸಹಿಸುತ್ತಾಳೆ. ಹೀಗೆ ಬಾಳಬಾರದೆಂದು ತೋರಿಸುವುದು ಆ ಪಾತ್ರದ ಉದ್ದೇಶವಾಗಿತ್ತು. ಆದರೆ ಅರವಿಂದ ಸಿಂಘಲ್ ಮತ್ತು ಎವರೆಟ್ ರೋಜರ್ಸ್ ಎಂಬ ವಿದ್ವಾಂಸರು ಪ್ರೇಕ್ಷಕರನ್ನು ವಿಚಾರಿಸಿದಾಗ, ಅನೇಕ ಸ್ತ್ರೀಯರು ಭಾಗವಂತಿಯನ್ನೇ ಆದರ್ಶವೆಂದು ತಿಳಿದಿದ್ದುದು ಕಂಡುಬಂತು. ತಾಳಿದವನು ಬಾಳಿಯಾನು ಎಂಬ ಮಾತನ್ನು ಹಾಲಿನೊಡನೆ ಕುಡಿದು ಬೆಳೆದವರಿಗೆ ಆಕೆ ಎಚ್ಚರಿಕೆಯಾಗಿ ಕಾಣಲಿಲ್ಲ, ದೇವಿಯಾಗಿ ಕಂಡಳು. ಬರೆದವನ ಸಂಕಲ್ಪ ಶುದ್ಧವಾಗಿತ್ತು, ತಲುಪಿದ್ದು ಬೇರೆ. ಅಶೋಕ್ ಕುಮಾರರ ನಾಲ್ಕು ಮಾತೂ ಅದನ್ನು ಸರಿಪಡಿಸಲಾಗಲಿಲ್ಲ. ಕಥೆಯ ಕೊನೆಗೆ ಉಪದೇಶ ಅಂಟಿಸುವವರು ಇದನ್ನು ನೆನಪಿಡುವುದು ಒಳ್ಳೆಯದು.

ಹಾಗಾದರೆ ಈ ಕಸುಬಿನಲ್ಲಿದ್ದುಕೊಂಡೇ ಮನಸ್ಸನ್ನು ಕೆಡಿಸದೆ ಬರೆಯುವುದು ಸಾಧ್ಯವೆ? ಕನ್ನಡದಲ್ಲಿ ಈ ಪ್ರಶ್ನೆ ಎದ್ದಾಗಲೆಲ್ಲ ಒಬ್ಬರ ಹೆಸರು ಬಂದೇ ಬರುತ್ತದೆ. ಅವರು ಟಿ.ಎನ್. ಸೀತಾರಾಂ.

ಸೀತಾರಾಂ ಟಿ.ವಿ.ಗೆ ಬಂದದ್ದು ರಂಗಭೂಮಿಯಿಂದ. ಕಾನೂನು ಓದಿದವರು, 'ಆಸ್ಫೋಟ', 'ನಮ್ಮೊಳಗೊಬ್ಬ ನಾಜೂಕಯ್ಯ', 'ಬದುಕ ಮನ್ನಿಸು ಪ್ರಭುವೇ' ಮೊದಲಾದ ನಾಟಕಗಳ ಕರ್ತೃ, ಪಿ. ಲಂಕೇಶರ 'ಪಲ್ಲವಿ' ಚಿತ್ರದಲ್ಲಿ ನಾಯಕನಾಗಿ ಅಭಿನಯಿಸಿದವರು. ಎಸ್.ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿ ಅವರು ನಿರ್ದೇಶಿಸಿದ 'ಮತದಾನ' 2001ರ ಚಿತ್ರ. ಅದಕ್ಕೆ ಶ್ರೇಷ್ಠ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಆದರೆ ನಾಡಿನ ಮನೆಮನೆಗೆ ಅವರ ಹೆಸರು ಹೊಕ್ಕದ್ದು 1998ರಲ್ಲಿ, 'ಮಾಯಾಮೃಗ'ದಿಂದ. ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರೊಡನೆ ಕೂಡಿ ನಿರ್ದೇಶಿಸಿದ ಆ ದೈನಿಕ ಧಾರಾವಾಹಿ ಬೆಂಗಳೂರು ದೂರದರ್ಶನದಲ್ಲಿ ಸಂಜೆ ನಾಲ್ಕೂವರೆಗೆ ಪ್ರಸಾರವಾಗುತ್ತಿತ್ತು. ರಾತ್ರಿಯ ಹೊತ್ತಿಗಿರುವ ಬೆಲೆ ಆ ಹೊತ್ತಿಗಿರಲಿಲ್ಲ. ಆದರೂ ಗೃಹಿಣಿಯರು ಮಧ್ಯಾಹ್ನದ ನಿದ್ದೆ ಬಿಟ್ಟರು, ಕಚೇರಿಯವರು ಬೇಗ ಮನೆಗೆ ಹೊರಡುವ ನೆಪ ಹುಡುಕಿದರು.

ಮಾಯಾಮೃಗವೆಂಬ ಹೆಸರನ್ನೇ ನೋಡಬೇಕು. ಸೀತೆ ಬಯಸಿದ ಹೊನ್ನಿನ ಜಿಂಕೆಯದು. ಕಂಡದ್ದು ಚಿನ್ನ, ಒಳಗಿದ್ದವನು ಮಾರೀಚ. ಧಾರಾವಾಹಿ ತೋರಿಸಿದ್ದು ಮಧ್ಯಮವರ್ಗದವರ ಇಂಥ ಬೆನ್ನಟ್ಟುವಿಕೆಯನ್ನೇ. ಹಾಲಿಗೆ ವಿಷ ಬೆರೆಸುವವರು ಅಲ್ಲಿ ಕಥೆಯನ್ನು ಎಳೆಯಬೇಕಾಗಲಿಲ್ಲ. ಮಗಳ ಮದುವೆ, ಮಗನ ಉದ್ಯೋಗ, ತಂದೆಯ ಮರ್ಯಾದೆ, ಇವೇ ಎಳೆದವು. ನೋಡುವವರಿಗೆ ಅದು ತಮ್ಮ ಮನೆಯ ಹಜಾರದಂತೆಯೇ ಕಂಡಿತು.

ಆಮೇಲೆ ಈಟಿವಿ ಕನ್ನಡ ವಾಹಿನಿಗಾಗಿ 'ಮನ್ವಂತರ', 'ಮುಕ್ತ', 'ಮುಕ್ತ ಮುಕ್ತ' ಬಂದವು. ಇವುಗಳಲ್ಲಿ ಸೀತಾರಾಂ ಹಿಡಿದ ಉಪಾಯವೊಂದು ಇಲ್ಲಿನ ವಿಚಾರಕ್ಕೆ ತುಂಬ ಮುಖ್ಯವಾದುದು. ಅವರು ಮನೆಯ ಜಗಳವನ್ನು ನ್ಯಾಯಾಲಯಕ್ಕೆ ಕೊಂಡೊಯ್ದರು. ಸಿ.ಎಸ್.ಪಿ. ಎಂಬ ವಕೀಲನ ಪಾತ್ರವನ್ನು ತಾವೇ ಅಭಿನಯಿಸಿ, ಅಡಿಗೆಮನೆಯಲ್ಲಿ ಗುಟ್ಟಾಗಿ ನಡೆಯುವುದನ್ನು ಕಟಕಟೆಯಲ್ಲಿ ಬಾಯಿಬಿಟ್ಟು ಆಡುವಂತೆ ಮಾಡಿದರು. ಅಡಿಗೆಮನೆಯ ಸಂಚಿಗೂ ನ್ಯಾಯಾಲಯದ ವಾದಕ್ಕೂ ಇರುವ ಅಂತರ ಕೇವಲ ಜಾಗದ್ದಲ್ಲ. ಸಂಚಿನಲ್ಲಿ ಒಬ್ಬಳಿಗೆ ಮಾತ್ರ ನಿಜ ಗೊತ್ತಿರುತ್ತದೆ, ನೋಡುವವರು ಅವಳನ್ನು ದ್ವೇಷಿಸುತ್ತ ಕಾಯಬೇಕು. ವಾದದಲ್ಲಿ ಎದುರು ಪಕ್ಷದವನಿಗೂ ಎದ್ದು ನಿಂತು ಮಾತಾಡುವ ಹಕ್ಕಿದೆ. ಅವನ ಕಡೆಗೂ ಏನೋ ನ್ಯಾಯವಿದೆಯೆಂದು ತಿಳಿದಾಗ ಪ್ರೇಕ್ಷಕನ ಸಿಟ್ಟು ಅರೆಗಳಿಗೆಯಾದರೂ ತಡೆದು ನಿಲ್ಲುತ್ತದೆ. ವಸ್ತುವಿಗೆ ಹಲವು ಮುಖಗಳೆಂಬ ಅನೇಕಾಂತದ ಪಾಠವನ್ನು ಓದಿ ಕಲಿಯುವುದು ಕಷ್ಟ, ಸಾಕ್ಷಿಯ ಪಾಟೀಸವಾಲಿನಲ್ಲಿ ಕಾಣುವುದು ಸುಲಭ. ಧಾರಾವಾಹಿ ನಾಳೆಗೂ ಬೇಕೆನಿಸಲು ದ್ವೇಷ ಆರದಿರಬೇಕು ಎಂಬುದು ಆ ಕಸುಬಿನ ನಂಬಿಕೆ. ಪ್ರಶ್ನೆ ಆರದಿದ್ದರೂ ಸಾಕು ಎಂಬುದನ್ನು ಈ ಧಾರಾವಾಹಿಗಳು ತೋರಿಸಿಕೊಟ್ಟವು. ನಾಳೆ ತೀರ್ಪು ಏನು ಬಂದೀತೆಂದು ಕಾಯುವವನ ಮನಸ್ಸೂ, ನಾಳೆ ಇವಳು ಹೇಗೆ ಸಿಕ್ಕಿಬಿದ್ದಾಳೆಂದು ಕಾಯುವವನ ಮನಸ್ಸೂ ಒಂದೇ ಅಲ್ಲ.

ಇನ್ನೊಂದು ಸಂಗತಿ. ಬರಹಗಾರನಿಗೆ ತನ್ನ ಬರವಣಿಗೆ ಯಾರ ಮನಸ್ಸಿನಲ್ಲಿ ಏನು ಮಾಡಿತೆಂದು ತಿಳಿಯುವ ದಾರಿ ಟಿ.ಆರ್.ಪಿ. ಪಟ್ಟಿಯೊಂದೇ ಆಗಿರುತ್ತದೆ. ಎಷ್ಟು ಜನವೆಂದು ಅದು ಹೇಳುತ್ತದೆ, ಏನಾದರೆಂದು ಹೇಳುವುದಿಲ್ಲ. ಸೀತಾರಾಂ 'ಮುಕ್ತ ಮುಕ್ತ'ದ ಕಾಲದಲ್ಲಿ ಊರೂರುಗಳಲ್ಲಿ ಪ್ರೇಕ್ಷಕರೊಡನೆ ಸಂವಾದ ಏರ್ಪಡಿಸಿ, ಜನರ ಎದುರು ಕುಳಿತು ಉತ್ತರ ಹೇಳಿದರು. ಭಾಗವಂತಿಯನ್ನು ದೇವಿಯೆಂದು ತಿಳಿದವರು ಜೋಶಿಯವರಿಗೆ ಹೀಗೆ ಎದುರು ಸಿಕ್ಕಿದ್ದರೆ ಪಾತ್ರದ ಗತಿ ಬದಲಾಗುತ್ತಿತ್ತೋ ಏನೋ. ಕಾವ್ಯ ಓದಿಸಿ ಕೇಳುತ್ತಿದ್ದ ಕಾಲದಲ್ಲಿ ಕವಿಗೆ ಶ್ರೋತೃವಿನ ಮುಖ ಕಾಣುತ್ತಿತ್ತು. ಬರೆದವನು ತನ್ನ ಕೋಳಿಯ ಕೂಗನ್ನು ತಾನೇ ಕೇಳಬೇಕಾದ ಹೊಣೆಯನ್ನು ಈ ಸಂವಾದಗಳು ಹಿಂದಕ್ಕೆ ತಂದವು.

ಇಷ್ಟು ಹೇಳಿದರೆ ಸೀತಾರಾಂ ದೋಷರಹಿತರೆಂದು ಹೇಳಿದಂತಲ್ಲ. ಮಾತು ಹೆಚ್ಚಾಯಿತು, ಪ್ರಕರಣ ತೀರಾ ಎಳೆಯಿತು, ಎಲ್ಲರೂ ವಕೀಲರಂತೆ ಮಾತಾಡುತ್ತಾರೆ ಎಂಬ ಆಕ್ಷೇಪಗಳಲ್ಲಿ ಹುರುಳಿದೆ. ನೂರಾರು ಕಂತು ಬರೆಯುವವನಿಗೆ ನೀರು ಬೆರೆಸದೆ ಗತಿಯಿಲ್ಲ. ಕಂತಿನ ಕೊನೆಯ ಉಸಿರುಗಟ್ಟಿನ ನಿಯಮಕ್ಕೆ ಅವರೂ ಹೊರಗಲ್ಲ. ಆದರೆ ಬೆರೆಸಿದ್ದು ನೀರು, ವಿಷವಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಹಣ ಕೊಡುವವರ ಬಿಗಿಹಿಡಿತದ ನಡುವೆಯೂ ಬರೆಯುವವನಿಗೆ ಆಯ್ಕೆ ಉಳಿದಿರುತ್ತದೆಂಬುದಕ್ಕೆ ದೂರದ ಒಂದು ನಿದರ್ಶನವನ್ನೂ ನೆನೆಯಬಹುದು. ಇರ್ನಾ ಫಿಲಿಪ್ಸರ ಕೈಕೆಳಗೆ ಕೆಲಸ ಕಲಿತ ಆಗ್ನೆಸ್ ನಿಕ್ಸನ್ ಎಂಬ ಲೇಖಕಿಯ ಗೆಳತಿಯೊಬ್ಬರು ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. 1962ರಲ್ಲಿ 'ಗೈಡಿಂಗ್ ಲೈಟ್' ಕಥೆಯ ಒಬ್ಬ ಗೃಹಿಣಿಗೆ ಅದೇ ರೋಗ ಬರುವಂತೆ, ಸಕಾಲದ ಪರೀಕ್ಷೆಯಿಂದ ಅದು ತಿಳಿಯುವಂತೆ ನಿಕ್ಸನ್ ಬರೆಯಹೊರಟರು. ಕ್ಯಾನ್ಸರ್ ಎಂಬ ಪದವನ್ನಾಗಲಿ ಗರ್ಭಕೋಶ ಎಂಬ ಪದವನ್ನಾಗಲಿ ಬಳಸಕೂಡದೆಂದು ಪ್ರಾಯೋಜಕರೂ ವಾಹಿನಿಯವರೂ ತಾಕೀತು ಮಾಡಿದರು. ಆಕೆ ಆ ಪದಗಳಿಲ್ಲದೆಯೇ ಕಥೆಯನ್ನು ಬರೆದು ಮುಗಿಸಿದರು. ಅಲ್ಲಿಯೂ ಸಾಬೂನು ಮಾರಾಟವಾಗುತ್ತಲೇ ಇತ್ತು.

ಇನ್ನು ನೋಡುವವರ ಮಾತು. ಕೃತ, ಕಾರಿತ, ಅನುಮೋದಿತ ಎಂದು ಕರ್ಮಕ್ಕೆ ಮೂರು ಬಾಗಿಲುಗಳನ್ನು ಹೇಳಿದ್ದಾರೆ. ಬರೆದವನು ಮೊದಲನೆಯ ಬಾಗಿಲಲ್ಲಿದ್ದರೆ, ಬರೆಸಿದ ವಾಹಿನಿ ಎರಡನೆಯದರಲ್ಲಿ. ಮೂರನೆಯದರಲ್ಲಿ ನಿಂತವರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಟಿ.ಆರ್.ಪಿ. ಎಂಬುದು ಅನುಮೋದನೆಯ ವಾರದ ಲೆಕ್ಕಪುಸ್ತಕ. ಕೆಡುಕಿ ಸೊಸೆಯ ಸಂಚು ನಡೆಯುವ ವಾರ ಅಂಕ ಏರಿ, ಮನೆಯವರೆಲ್ಲ ಒಂದಾಗುವ ವಾರ ಇಳಿದರೆ ಬರೆಯುವವನಿಗೆ ಬುದ್ಧಿ ಕಲಿಸಿದವರು ಯಾರು? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬುದು ಮನೆಯ ಗಾದೆ. ಪರದೆಯಲ್ಲಿ ಇಬ್ಬರಿಗೂ ಒಂದೇ ಕಾಲ, ಅದು ಜಗಳದ ಕಾಲ. ಅದನ್ನು ಜೊತೆಯಾಗಿ ಕುಳಿತು ನೋಡುವ ನಿಜವಾದ ಅತ್ತೆಸೊಸೆಯರು, ಮರುದಿನ ಉಪ್ಪು ಹೆಚ್ಚಾದ ಸಾರಿನ ಮುಂದೆ ಒಬ್ಬರನ್ನೊಬ್ಬರು ಯಾವ ಕಣ್ಣಿನಿಂದ ನೋಡುತ್ತಾರೆಂಬುದು ಆ ಮನೆಯವರಿಗೇ ಗೊತ್ತು. ಸಂಜೆಯ ಪೂಜೆಯ ವೇಳೆಯನ್ನು ಧಾರಾವಾಹಿಗೆ ಹೊಂದಿಸಿಕೊಳ್ಳುವ ಮನೆಗಳೂ ಉಂಟು. ಹಾಗೆ ಹೊಂದಿಸಿಕೊಂಡವರನ್ನು ಬೈದು ಪ್ರಯೋಜನವಿಲ್ಲ. ದಿನವೆಲ್ಲ ದುಡಿದ ಹೆಂಗಸಿಗೆ ಅರ್ಧ ಗಂಟೆ ಕೂರುವ ನೆಪ ಬೇರೆ ಯಾರು ಕೊಟ್ಟಿದ್ದಾರೆ?

ಸೀತಾರಾಂ ಅವರ 'ಮಗಳು ಜಾನಕಿ' 2018ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಆರಂಭವಾಯಿತು. ಜಾನಕಿ ಪೊಲೀಸ್ ಅಧಿಕಾರಿ; ಎದುರಿಗೆ ಚಂದು ಭಾರ್ಗಿ ಎಂಬ ಪ್ರಬಲ ರಾಜಕಾರಣಿ. ಕಥೆ ಕಾವೇರುತ್ತಿರುವಾಗ 2020ರ ಕೊರೋನಾ ಬಂದು ಚಿತ್ರೀಕರಣಗಳೆಲ್ಲ ನಿಂತವು. ಲಾಕ್‌ಡೌನ್ ಸಡಿಲವಾಗಿ ಉಳಿದ ಧಾರಾವಾಹಿಗಳು ಮತ್ತೆ ಹೊರಟಾಗ ಅದು ಹೊರಡಲಿಲ್ಲ. ಮಾಡಿದವರಿಗೆ ಫಲ ಬಾರದೆ, ನೊಂದವರಿಗೆ ನ್ಯಾಯ ಸಿಗದೆ ಕಥೆ ಅಲ್ಲಿಗೇ ನಿಂತುಹೋಯಿತು. ಪ್ರೇಕ್ಷಕರು ಬಹಳ ದಿನ ಅದನ್ನು ಕೇಳುತ್ತಲೇ ಇದ್ದರು. ಅವರು ಕೇಳಿದ್ದು ಮನರಂಜನೆಯನ್ನಷ್ಟೇ ಎಂದು ಹೇಳುವುದು ಕಷ್ಟ. ತೆರೆದ ಲೆಕ್ಕವನ್ನು ಮುಚ್ಚಿಕೊಡಿ ಎಂದು ಕೇಳಿದಂತಿತ್ತು.

2022ರ ಅಕ್ಟೋಬರ್ ಕೊನೆಯಲ್ಲಿ ಸಿರಿ ಕನ್ನಡ ವಾಹಿನಿಯಲ್ಲಿ 'ಮತ್ತೆ ಮಾಯಾಮೃಗ' ಆರಂಭವಾಯಿತು. ಇಪ್ಪತ್ತನಾಲ್ಕು ವರ್ಷಗಳ ಹಿಂದಿನ ಪಾತ್ರಗಳು ತಲೆ ನರೆತು ಮರಳಿ ಬಂದವು. ಅವರ ಮಕ್ಕಳು ಬೆಳೆದಿದ್ದರು. ಅಂದು ನಾಲ್ಕೂವರೆಗೆ ಅಮ್ಮನ ಪಕ್ಕದಲ್ಲಿ ಕುಳಿತು ನೋಡಿದ್ದ ಹುಡುಗಿಯರು ಈಗ ತಾವೇ ಗೃಹಿಣಿಯರಾಗಿ, ಆ ಹಳೆಯ ಮನೆಯವರು ಮಾಡಿದ್ದು ಏನಾಯಿತೆಂದು ನೋಡಲು ಟಿ.ವಿ.ಯ ಮುಂದೆ ಕುಳಿತರು.